ಫಸ್ಟ್ ಕ್ಲಾಸ್ ಐತ್ರಿ

೧೨ ಫೆಬ್ರವರಿ ೨೦೨೩, ರವಿವಾರ

ಇವತ್ತೂ ಮುಳಗುಂದ ನಾಕಾದ ಚಹಾದಂಗಡಿ ಎದುರು ನಿಂತೆ. ಸತ್ಯಶೋಧನಾ ಸಮಿತಿಯ ಅಧ್ಯಕ್ಷ ನಾನೇ, ಸದಸ್ಯನೂ ನಾನೇ, ಚಹಾದ ಬಿಲ್ಲು ಕೊಡುವವನೂ ನಾನೇ. ವಿಷಯ: ಸಣ್ಣ ಎಸ್‌ಯುವಿಗಳಲ್ಲಿ ಜನ ಮೆಚ್ಚಿದ್ದು ಯಾವುದು, ನಂಬಬಹುದಾದದ್ದು ಯಾವುದು. ಎರಡೂ ಒಂದೇ ಆಗಿದ್ದರೆ ನಿನ್ನೆಯೇ ಸಭೆ ಮುಗಿಯುತ್ತಿತ್ತು.

ಕಣದಲ್ಲಿ ಉಳಿದವು ಎರಡು. ಕಂಪನಿಯ ಹೆಸರು ಈ ಡೈರಿಯಲ್ಲಿಯೂ ಬರೆಯುವುದಿಲ್ಲ... ಅಷ್ಟು ಧೈರ್ಯವಿಲ್ಲ. ಒಂದಕ್ಕೆ ‘ಮದುಮಗ’ ಎಂದು ಹೆಸರಿಟ್ಟಿದ್ದೇನೆ. ಬಿಳಿ ಬಣ್ಣ, ಸನ್‌ರೂಫ್, ದೇವರ ಫೋಟೋದಷ್ಟು ದೊಡ್ಡ ಸ್ಕ್ರೀನ್. ನಾಕಾ ದಾಟುವವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಇನ್ನೊಂದು ‘ಗುಮಾಸ್ತ’. ಮುಖದಲ್ಲಿ ಕಳೆಯಿಲ್ಲ. ಆದರೆ ದಿನಾ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತದಂತೆ. ಕೊಂಡವರು ಬಹಳ ಕಡಿಮೆ, ಅವರೂ ನಿವೃತ್ತರು.

ತಮಾಷೆ ಸಾಕು. ಹೆಂಡತಿ ಗೌತಮಿ ದಿನಾ ಮುಂಡರಗಿಯ ಶಾಲೆಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ ಬರುವವಳು. ಹಳೆಯ ಗಾಡಿ ಹೋದ ತಿಂಗಳು ಡಂಬಳದಾಚೆ, ಕತ್ತಲಾಗುವ ಹೊತ್ತಿಗೆ ಕೈ ಕೊಟ್ಟಿತು. ಅವಳ ಫೋನು ಬರುವವರೆಗಿನ ಹೆದರಿಕೆ ಇನ್ನೂ ಹೋಗಿಲ್ಲ. ಅವಳಿಗೆ ಹೇಳಿಲ್ಲ. ಹಾಸ್ಯ ಬರೆಯುವವನು ಹೆದರಿದರೆ ಯಾರು ನಂಬುತ್ತಾರೆ?

೧೫ ಫೆಬ್ರವರಿ

ಕಾರಿನ ಮಾಲೀಕರನ್ನೇ ಕೇಳುತ್ತ ಹೊರಟೆ. ಕಾಲೇಜಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಲಕ್ಷ್ಮೇಶ್ವರದ ಮದುವೆಯೂಟದ ಪಂಕ್ತಿಯಲ್ಲಿ. ಎಲ್ಲರದೂ ಒಂದೇ ಉತ್ತರ — ಫಸ್ಟ್ ಕ್ಲಾಸ್ ಐತ್ರಿ. ನಮ್ಮ ಮಂದಿ ಸರಕಾರವನ್ನು ಬೈಯುತ್ತಾರೆ, ಮಳೆಯನ್ನು ಬೈಯುತ್ತಾರೆ, ಹೆತ್ತ ಮಗನನ್ನು ನಾಲ್ಕು ಜನರೆದುರು ಬೈಯುತ್ತಾರೆ. ಸ್ವಂತ ಗಾಡಿಯ ಮೇಲೆ ಮಾತ್ರ ಒಂದು ಕೆಟ್ಟ ಮಾತಿಲ್ಲ.

ನಮ್ಮ ಕಾಲೇಜಿನ ಪುಂಡಲೀಕಪ್ಪ ಮದುಮಗನನ್ನು ತಂದು ವರ್ಷವಾಯಿತು. ಕಣ್ಣು ಮುಚ್ಚಿ ತೊಗೋರಿ ಸರ, ಎಂದರು. ಹೇಳುವಾಗ ಅವರ ಕಣ್ಣು ಕಿಟಕಿಯಾಚೆ ಇತ್ತು.

ಗೌತಮಿಯ ಮತವೂ ಮದುಮಗನಿಗೇ. ನಾಳೆ ಮಾರಿದರೆ ಗಿರಾಕಿ ಓಡಿ ಬರುತ್ತಾರೆ, ಗುಮಾಸ್ತನನ್ನು ಯಾರು ಮೂಸುತ್ತಾರೆ ಎಂದಳು. ಸಮಿತಿ ವಿಸರ್ಜನೆಯಾಯಿತು.

೨೮ ಫೆಬ್ರವರಿ

ಮದುಮಗ ಮನೆಗೆ ಬಂದು ವಾರವಾಯಿತು. ನಾಲ್ಕು ಲಿಂಬೆಹಣ್ಣು ಅವನ ಕಾಲಡಿ ಪ್ರಾಣ ಬಿಟ್ಟವು. ವಾರಪತ್ರಿಕೆಯ ನನ್ನ ಅಂಕಣದಲ್ಲಿ ಅವನ ಗುಣಗಾನ. ಬಹಳ ಜನ ಫೋನ್ ಮಾಡಿ ನಕ್ಕರು. ಒಬ್ಬರು ನಗಲಿಲ್ಲ — ಬುಕ್ ಮಾಡಿಯೇ ಬಿಟ್ಟೆ ಎಂದರು. ನಗಿಸಲು ಬರೆದದ್ದನ್ನೂ ಜನ ನಂಬುತ್ತಾರೆ! ಹಿಗ್ಗಿದೆ. ಸ್ವಲ್ಪ ಅಳುಕೂ ಆಯಿತು.

೧೧ ಮಾರ್ಚ್, ಸಂಜೆ

ಗೌತಮಿ, ನಾನು ಮುಂಡರಗಿಯಿಂದ ಬರುತ್ತಿದ್ದೆವು. ನಾನೇ ಓಡಿಸುತ್ತಿದ್ದೆ. ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವ ಇಳಿಜಾರು. ಎದುರಿಗೆ ಬಸ್ಸು, ಹಿಂದೆ ಲಾರಿ. ಒಮ್ಮೆಲೇ ಸ್ಕ್ರೀನ್ ಕಪ್ಪಾಯಿತು. ಇಂಜಿನ್ ಇಲ್ಲ. ಸ್ಟಿಯರಿಂಗ್ ಕಲ್ಲು. ಬ್ರೇಕ್ ಒತ್ತಿದರೆ ಗೋಡೆಯನ್ನು ಒತ್ತಿದಂತೆ. ಲಾರಿಯವನ ಹಾರ್ನು ಕಿವಿಯೊಳಗೇ ಬಂತು. ಹೇಗೋ ಹೊರಳಿಸಿ ಎರೆಹೊಲದ ಅಂಚಿಗೆ ಬಿಟ್ಟೆ. ಲಾರಿ ಕನ್ನಡಿ ಸವರಿಕೊಂಡು ಹೋಯಿತು.

ಆಮೇಲೆ ಕೀಲಿ ತಿರುವಿದರೆ ಏನೂ ಆಗದವನಂತೆ ಶುರುವಾದ.

ಗದಗ ಹತ್ತಿರ ಬಂದಾಗ ಗೌತಮಿ ಅಂದಳು — “ಇದನ್ನ ಮಾರೂ ತನಕಾ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.”

೧೩ ಮಾರ್ಚ್

ಸರ್ವಿಸಿನವರು ಲ್ಯಾಪ್‌ಟಾಪ್ ಹಚ್ಚಿ ನೋಡಿದರು. ಏನೂ ತೋರಿಸುತ್ತಿಲ್ಲವಂತೆ. ತೋರಿಸದ ರೋಗಕ್ಕೆ ಔಷಧವಿಲ್ಲ. ಗಾಡಿ ತೊಳೆದು ಕೊಟ್ಟರು.

ಪುಂಡಲೀಕಪ್ಪನವರನ್ನು ಸ್ಟಾಫ್‌ರೂಮಿನ ಮೂಲೆಯಲ್ಲಿ ಹಿಡಿದೆ. ಅವರದೂ ಎರಡು ಸಲ ಹೀಗೇ ನಡುರಸ್ತೆಯಲ್ಲಿ ಸತ್ತಿದೆ! ಮೊದಲೇ ಯಾಕೆ ಹೇಳಲಿಲ್ಲ ಎಂದೆ.

“ಮಗಳನ್ನ ಕೊಟ್ಟ ಮನಿ ಸುದ್ದಿ ಯಾರರ ಊರಾಗ ಆಡ್ತಾರೇನ್ರಿ ಸರ? ಗಾಡೀನೂ ಹಂಗ. ನಾಳೆ ಅದನ್ನ ಇನ್ನೊಬ್ಬರ ಮನಿಗೆ ಕಳಸಬೇಕಲ್ಲ.”

ತಮ್ಮ ಗಾಡಿಗೆ ಗಿರಾಕಿ ಸಿಕ್ಕಿದ್ದಾನೆ, ದಯವಿಟ್ಟು ಸುಮ್ಮನಿರಿ ಎಂದರು. ಯಾರೆಂದು ನಾನು ಕೇಳಲಿಲ್ಲ.

೧೬ ಮಾರ್ಚ್

ಪುಂಡಲೀಕಪ್ಪನವರ ಗಾಡಿಗೆ ಗಿರಾಕಿ ಯಾರೆಂದು ಗೊತ್ತಾಯಿತು. ನಯಾಜ. ನಮ್ಮ ಪಕ್ಕದ ಮನೆಯವ, ಬೆಟಗೇರಿಯಲ್ಲಿ ಸೀರೆ ವ್ಯಾಪಾರ. ಹೆಂಡತಿ ನಸ್ರೀನ ಶಿರಹಟ್ಟಿಯ ತವರಿನಲ್ಲಿದ್ದಾಳೆ, ದಿನ ತುಂಬಿವೆ. ಬಿ.ಪಿ. ಹೆಚ್ಚಿದೆ, ನೋವು ಬಂದ ಕೂಡಲೇ ಗದಗಿನ ದವಾಖಾನೆಗೆ ತರಬೇಕು ಎಂದಿದ್ದಾರೆ ಡಾಕ್ಟರು. ಅದಕ್ಕೇ ಗಾಡಿ. ನನ್ನ ಅಂಕಣವನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡಿದ್ದ.

“ನೀವು ಆತು ಅಂದ್ರ ಆತು ಸರ. ಗಾಡಿ ಹೆಂಗೈತಿ?”

ಗೌತಮಿ ಚಹಾ ಕೊಟ್ಟು, ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇದು ಹೊರಬಿದ್ದರೆ ನಮ್ಮದನ್ನು ಯಾರು ಕೊಳ್ಳುತ್ತಾರೆ, ಪುಂಡಲೀಕಪ್ಪನವರ ಮುಖ ದಿನಾ ಹೇಗೆ ನೋಡುವುದು... ಒಂದು ಗುಟುಕು ಕುಡಿಯುವಷ್ಟರಲ್ಲಿ ಇಷ್ಟೆಲ್ಲ ತಲೆಯಲ್ಲಿ ಹಾದುಹೋಯಿತು.

“ಫಸ್ಟ್ ಕ್ಲಾಸ್ ಐತಿ,” ಅಂದೆ.

ಧ್ವನಿ ನನ್ನದೇ. ಎಷ್ಟು ಸಲೀಸಾಗಿ ಬಂತು!

೨೨ ಮಾರ್ಚ್, ಯುಗಾದಿ

ಐದು ದಿನ ಏನೂ ಬರೆಯಲಾಗಲಿಲ್ಲ. ಅಂಕಣವೂ ಇಲ್ಲ, ಜ್ವರ ಎಂದು ಸಂಪಾದಕರಿಗೆ ಸುಳ್ಳು. ಕಣ್ಣು ಮುಚ್ಚಿದರೆ ಆ ಹಾರ್ನು. ಮುಂದಿನ ಸೀಟಿನಲ್ಲಿ ಗೌತಮಿ ಇಲ್ಲ, ಹಿಂದೆ ನಸ್ರೀನ ಮಲಗಿದ್ದಾಳೆ.

ಬೇವು-ಬೆಲ್ಲ ಕೊಡುವ ನೆವದಲ್ಲಿ ಅವರ ಮನೆಗೆ ಹೋದೆ. ಹೇಳಬೇಕಾದ ವಾಕ್ಯವನ್ನು ಮೆಟ್ಟಿಲಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಅಂಗಳದಲ್ಲಿ ಆ ಬಿಳಿ ಗಾಡಿ. ನಯಾಜನ ತಾಯಿ ರಸೂಲಬಿ ಅದರ ಮೂತಿಗೆ ಮಲ್ಲಿಗೆ ದಂಡಿ ಕಟ್ಟುತ್ತಿದ್ದರು. ನಿಮ್ಮ ಮಾತಿನ ಮ್ಯಾಲೆ ತಂದೇವ್ರಿ ಸರ, ಎಂದರು. ಬೇವು-ಬೆಲ್ಲ ಕೊಟ್ಟೆ. ವಾಕ್ಯವನ್ನು ಹಾಗೇ ಹೊತ್ತು ತಂದೆ.

೨೫ ಮಾರ್ಚ್, ಬೆಳಿಗ್ಗೆ ೬

ಎದ್ದವನೇ ಗೌತಮಿಗೆ ಹೇಳಿದೆ — ಇವತ್ತು ಹೇಳಿಬಿಡುತ್ತೇನೆ, ನಮ್ಮ ಗಾಡಿ ಮಾರದಿದ್ದರೂ ಸರಿ. ಅವಳು ಆಗಲೇ ಸೀರೆ ಉಟ್ಟು ನಿಂತಿದ್ದಳು. “ನಡೀರಿ. ನನಗೂ ನಿದ್ದಿ ಇಲ್ಲ.”

ಅಂಗಳ ಖಾಲಿ. ರಂಜಾನ್ ಉಪವಾಸದ ನಸುಕಿನ ಸಹರಿ ಉಂಡು ಕೈ ತೊಳೆಯುವಾಗಲೇ ಶಿರಹಟ್ಟಿಯಿಂದ ಫೋನು ಬಂತಂತೆ, ನಸ್ರೀನಗೆ ನೋವು ಶುರುವಾಗಿದೆ ಎಂದು. ನಯಾಜ ಹೋಗಿಬಿಟ್ಟಿದ್ದಾನೆ. ರಸೂಲಬಿಯ ಎದುರೇ ಫೋನ್ ಹಚ್ಚಿದೆ. ಒಮ್ಮೆ ರಿಂಗಾಗಿ ನಿಂತಿತು. ಆಮೇಲೆ ಬರೀ ನೆಟ್‌ವರ್ಕ್ ಇಲ್ಲ.

ಎದುರು ಹೋಗಿ ತಡೆಯಬೇಕು. ನಸ್ರೀನಳನ್ನು ಬೇರೆ ಗಾಡಿಗೆ ಹತ್ತಿಸಬೇಕು. ಎಲ್ಲಿಯ ಬೇರೆ ಗಾಡಿ? ಈ ಹೊತ್ತಿಗೆ ಕೀಲಿ ಕೈಯಲ್ಲಿರುವುದು ನಮ್ಮದೇ ಮದುಮಗನದು.

ಅದೇ ದಿನ, ೭ ದಾಟಿರಬೇಕು

ಸೊರಟೂರು ದಾಟಿ ನಿಂತಿದ್ದೇವೆ. ನಿಂತಿದ್ದೇವೆ ಅಂದರೆ, ಅವನು ನಿಂತ. ಸ್ಕ್ರೀನ್ ಕಪ್ಪು. ಈ ಸಲ ಕೀಲಿಗೂ ಮಾತಾಡುತ್ತಿಲ್ಲ. ನೂಕಿ ಬದಿಗೆ ಹಚ್ಚಿದೆವು. ಸುಮ್ಮನೆ ಕಾಯಲಾಗದೆ ಬಾನೆಟ್ ಮೇಲೆ ಡೈರಿ ಇಟ್ಟು ಇದನ್ನು ಬರೆಯುತ್ತಿದ್ದೇನೆ.

ಲಾರಿಗಳು ಶುರುವಾಗಿವೆ. ನಸ್ರೀನಳನ್ನು ಹತ್ತಿಸಲು ಒಂದು ಟಂಟಂ ರಿಕ್ಷಾ ನಿಲ್ಲಿಸಿಕೊಂಡಿದ್ದೇವೆ. ನಮ್ಮ ಪಾಲಿಗೆ ಈಗ ಅದೇ ಗುಮಾಸ್ತ. ಗೌತಮಿ ರಸ್ತೆಯ ನಡುವೆ ನಿಂತು ಸೆರಗು ಬೀಸುತ್ತಿದ್ದಾಳೆ. ಶಿರಹಟ್ಟಿ ಕಡೆಯಿಂದ ಬಿಳಿ ಗಾಡಿ ಬಂದಾಗಲೆಲ್ಲ ಓಡುತ್ತಾಳೆ. ಮದುಮಗನೇ, ಆದರೆ ನಯಾಜನಲ್ಲ. ಮತ್ತೊಂದು. ಅದೂ ಅಲ್ಲ. ಊರಿಗೆಲ್ಲ ಒಂದೇ ಗಾಡಿ. ಯಾವುದರಲ್ಲಿ ನಸ್ರೀನ ಇದ್ದಾಳೆ?

ಇನ್ನೊಂದು ಬಂತು. ಇಳಿಜಾರಿನ ಮೇಲಿದೆ. ಮೂತಿಗೆ ಹೂವು... ಹೂವೇ. ಗೌತಮಿ ಎರಡೂ ಕೈ ಎತ್ತಿದಳು. ಹಿಂದೆ ಲಾರಿ ಇದೆ. ಗಾಡಿ ನಿಧಾನವಾಗುತ್ತಿದೆ. ನಯಾಜ ನಮ್ಮನ್ನು ನೋಡಿ ನಿಲ್ಲಿಸುತ್ತಿದ್ದಾನೋ, ಗಾಡಿ ತಾನಾಗಿಯೇ ಸಾಯುತ್ತಿದೆಯೋ—