ಅಣ್ಣನ ಮಣ್ಣಿಗೆ ಹೋಗಿ ಕಾರಿನ ಮಾತಾಡಿದ್ದು

ಅಕ್ಟೋಬರ್ 9, ಗುರುವಾರ. ಸ್ಯಾಗಿನಾ.

ಇವತ್ತು ಅಣ್ಣ ವರ್ನ್‌ನನ್ನು ಮಣ್ಣು ಮಾಡಿ ಬಂದೆವು. ಆಮೇಲೆ ಚರ್ಚಿನಲ್ಲಿ ಊಟಕ್ಕೆ ಕೂತಾಗ ಪಾದ್ರಿ ನನ್ನನ್ನು ಎಬ್ಬಿಸಿ, ತಮ್ಮನಾದವನು ಎರಡು ಮಾತಾಡಲಿ ಎಂದರು. ಬಾಯಿ ತೆರೆದರೆ ಬಂದದ್ದು ನಾವಿಬ್ಬರೂ ಸೇರಿ ಕೊಂಡಿದ್ದ ಹಳೆಯ ಬ್ಯೂಕ್ ಕಾರು. ದೋಣಿಯಷ್ಟು ಉದ್ದ, ಬೆಣ್ಣೆಯ ಬಣ್ಣ, ಕೆಂಪು ಸೀಟು. ಹ್ಯುರಾನ್ ಸರೋವರದ ದಾರಿಯಲ್ಲಿ ಮಳೆ ಹಿಡಿದಾಗ ಅದರ ಮಡಚಿ ಬಿಡಿಸುವ ಬಟ್ಟೆಯ ಚಾವಣಿ ಅರ್ಧಕ್ಕೇ ಸಿಕ್ಕಿಕೊಂಡದ್ದು, ನಾವು ತೊಯ್ದು ತೊಪ್ಪೆಯಾಗಿ ಹಾಡುತ್ತಾ ಊರು ಸೇರಿದ್ದು. ಎಲ್ಲರೂ ನಕ್ಕರು. ಆ ಹುರುಪಿನಲ್ಲಿ, "ಅದನ್ನ ಮಾರಿದಾಗಿನಿಂದ ನನ್ನ ಜೀವಕ್ಕೆ ಸಮಾಧಾನವೇ ಇಲ್ಲ" ಎಂದುಬಿಟ್ಟೆ. ಅಣ್ಣನ ಮಣ್ಣಿನ ದಿನ!

ಅತ್ತಿಗೆ ಆರ್ಲೀನ್ ನಗಲಿಲ್ಲ. ಆಮೇಲೆ ತಟ್ಟೆ ತೊಳೆಯುತ್ತಾ ಕೇಳಿದಳು: "ಲೇಲಂಡ್, ಕಾರು ಹೋದ್ಮೇಲೆ ನೀನು ನಮ್ಮನೆ ಕಡೆ ತಲೆನೇ ಹಾಕ್ಲಿಲ್ಲ. ಭಾನುವಾರ ಬಂದ್ರೆ ವರ್ನ್ ಫೋನ್ ಪಕ್ಕದಲ್ಲೇ ಕೂತಿರ್ತಿದ್ದ, ಗೊತ್ತಾ ನಿಂಗೆ?"

"ಏನ್ ಮಾತಾಡೋದು ಅಂತ ತಿಳೀತಿರ್ಲಿಲ್ಲ ಆರ್ಲೀನ್."

"ಇವತ್ತು ಹೇಳಿದ್ಯಲ್ಲ, ಅದನ್ನೇ ಹೇಳ್ಬಹುದಿತ್ತು. ಎಷ್ಟು ನಗ್ತಿದ್ದ ಅವ್ನು."

ನಾನು ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತೆ.

ಮನೆಗೆ ಬಂದವನು ಕೋಟು ಕೂಡ ಬಿಚ್ಚದೆ ಕೂತಿದ್ದೇನೆ. ಕಣ್ಣು ಮುಚ್ಚಿದರೆ ಈಗಲೂ ಮೊದಲು ಕಾರು ಕಾಣುತ್ತದೆ, ಅದನ್ನು ಓಡಿಸುತ್ತಿರುವ ಅಣ್ಣ ಆಮೇಲೆ. ನನ್ನ ಮೇಲೆ ನನಗೇ ಹೇಸಿಗೆ. ಅವನ ಮುಖವೊಂದೇ ಕಾಣುವ ತನಕ ಮಲಗಬಾರದು ಅಂದುಕೊಂಡೆ, ಆದರೆ ಕಣ್ಣು ಎಳೆಯುತ್ತಿದೆ, ಕಾಣುವುದು ಇನ್ನೂ ಕಾರೇ.