ಗುಬ್ಬಿಗೆ ನಿದ್ದೆ ಬಂತು

ಗುಬ್ಬಿ,

ಎಬ್ಬಿಸಲು ಮನಸ್ಸಾಗದೆ ಬೇಕರಿಗೆ ಹೊರಟೆ. ಕರುಳಿನ ಬೇನೆ ಶುರುವಾದಮೇಲೆ ನೀನು ರಾತ್ರಿಯಿಡೀ ಬಚ್ಚಲಿಗೆ ಓಡದೆ ಬೆಳಗು ಕಂಡದ್ದು ಇವತ್ತೇ ಮೊದಲು. ಗಾಬರಿಯಾಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ನೀನು ಬೆಚ್ಚಗೆ ಉಸಿರಾಡುತ್ತಿದ್ದೆ. ಹೊದಿಕೆಯ ಮೇಲೆ ಬೆಳಕು ಹಾಲಿನಂತೆ ಹರಡಿತ್ತು. ಮನೆಯೇ ನೀರಿನ ಮೇಲೆ ತೇಲುತ್ತಿದೆಯೇನೋ ಅನ್ನಿಸಿತು.

ಇಂಜೆಕ್ಷನ್ ಫ್ರಿಜ್ಜಿನಲ್ಲಿದೆ. ಎದ್ದ ಕೂಡಲೇ ಹೊರಗಿಡು, ತಣುಪು ಬಿಟ್ಟಮೇಲೆ ಚುಚ್ಚಿಕೋ. ಹೋದ ಸಲದ ತೊಡೆ ಬೇಡ.

ಸ್ಟೀರಾಯ್ಡ್ ಗುಳಿಗೆಯನ್ನೂ ನುಂಗು. "ಹುಷಾರಾದೆನಲ್ಲಕ್ಕಾ, ಇನ್ಯಾಕೆ?" ಅಂತೀಯ, ಗೊತ್ತು. ಅದನ್ನು ಮೆಲ್ಲಮೆಲ್ಲಗೆ ಇಳಿಸಬೇಕಂತೆ, ತಟ್ಟನೆ ಬಿಟ್ಟರೆ ಅಪಾಯ ಅಂತ ಡಾಕ್ಟರು ನಿನ್ನೆದುರೇ ಹೇಳಿದರಲ್ಲ.

ಆ ಗುಳಿಗೆಯಿಂದ ಮುಖ ಬನ್ನಿನ ಹಾಗೆ ಊದಿದೆ ಅಂತ ಕನ್ನಡಿ ಮುಂದೆ ಅಳಬೇಡ. ನಿನ್ನಕ್ಕ ಬದುಕಿರುವುದೇ ಬನ್ನು ಮಾರಿ.

ಬೀಗದ ಕೈ ಬೇಕೆಂದೇ ಬಿಟ್ಟು ಹೋಗುತ್ತಿದ್ದೇನೆ. ಸಂಜೆ ನೀನೇ ಎದ್ದು ಬಂದು ಬಾಗಿಲು ತೆಗಿ.

ಅಕ್ಕ