ಕುಬಸದ ಹಸಿರು ಸೀರೆ

ಹುಮನಾಬಾದ
೧೮ ಫೆಬ್ರುವರಿ ೨೦೨೫

ಚಿ. ಸೌ. ಶೀತಲ್‌ಗೆ ತಾಯಿಯ ಆಶೀರ್ವಾದ.

ಬೇಳೆ ಮಿಲ್ಲಿನ ಲಿಂಗೈಕ್ಯ ಮಹಾರುದ್ರಪ್ಪನವರ ಹೆಂಡತಿ, ಈ ಮನೆಯ ಹಿರಿಯಳು, ತುಳಜಾಬಾಯಿ ಬರೆಯುತ್ತಿರುವ ಕಾಗದ ಇದು. ನಿನ್ನ ಅವ್ವ ಅಂತ ಮಾತ್ರ ಬರೆದರೂ ಸಾಕಿತ್ತು. ಆದರೆ ಕಲ್ಯಾಣದ ನಿಮ್ಮ ಮನೆಯ ಮಂದಿಗೆ ನಾನು ಯಾರೆಂಬುದು ಮರೆತಂತಿದೆ, ಅದಕ್ಕೇ ನೆನಪಿಸಿದೆ. ನಿನ್ನ ಅಪ್ಪ ಹೋದ ಮೇಲೆ ಮಿಲ್ಲು ನಿಂತಿಲ್ಲ. ಹಮಾಲರು ಇಂದಿಗೂ ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಬೀಡಿ ಆರಿಸುತ್ತಾರೆ.

ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನನ್ನ ಅವ್ವನ, ಅಂದರೆ ನಿನ್ನ ಆಯಿಯ ಬಗ್ಗೆ ಎರಡು ಪುಟ ಬರೆದು ಕಳಿಸು, ಏಳು ತಿಂಗಳ ಕುಬಸದ ದಿನ ಎಲ್ಲರೆದುರು ಓದುತ್ತೇನೆ ಎಂದು ನೀನು ಕೇಳಿದ್ದೆ. ಹೊಸ ತೊಗರಿ ಬರುವ ಕಾಲ, ಕೂರಲು ಪುರುಸೊತ್ತು ಸಿಗಲಿಲ್ಲ. ನೀನೂ ಕಾಯಲಿಲ್ಲ. ಮೈಕ್ ಹಿಡಿದು ಬಾಯಿಂದಲೇ ಹೇಳಿದೆ. ನಮ್ಮಾಯಿಗೆ ಲಾರಿ ಆಯಿ ಅಂತಿದ್ದರು, ಗಂಡ ಸತ್ತ ಮೇಲೆ ಕ್ಯಾಬಿನ್ನಿನಲ್ಲಿ ಕೂತು ಹೈದರಾಬಾದಿಗೆ ಹೋಗಿ ಬರುತ್ತಿದ್ದಳು ಎಂದೆ. ಮಂದಿ ಚಪ್ಪಾಳೆ ತಟ್ಟಿದರು. ನಾನು ಅಡುಗೆಯವರ ಹತ್ತಿರ ನಿಂತು ಕೇಳಿಸಿಕೊಂಡೆ.

ನೀನು ಹೇಳಿದ್ದು ಸುಳ್ಳಲ್ಲ, ಅರ್ಧ. ಉಳಿದರ್ಧ ನಾನು ಬರೆಯುತ್ತೇನೆ.

ಮಂಠಾಳದಲ್ಲಿ ನನ್ನ ಅಪ್ಪ ತೀರಿಕೊಂಡಾಗ ನಾನು ಮೆಟ್ರಿಕ್‌ನಲ್ಲಿದ್ದೆ. ಅಪ್ಪ ಬಿಟ್ಟು ಹೋದ ಲಾರಿ ಮಾರಿ ಮನೆಯಲ್ಲಿ ಕೂರು ಎಂದು ಕಾಕಂದಿರು ನನ್ನ ಅವ್ವ ಸುಮನಬಾಯಿಗೆ ಹೇಳಿದರು. ಅವಳು ಡ್ರೈವರ್ ಅಜೀಮುದ್ದೀನ್‌ನ ಪಕ್ಕ ಹತ್ತಿ ಕೂತಳು. ಕಾಲಡಿಯಲ್ಲಿ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ. ದಾರಿಯಲ್ಲಿ ಯಾರ ಲಾರಿ ಕೆಟ್ಟು ನಿಂತಿದ್ದರೂ ಇಳಿದು ಉಣಿಸಿಯೇ ಮುಂದೆ ಹೋಗುತ್ತಿದ್ದಳು. ಊರು ಆಡಿಕೊಂಡಿತು. ನಾನು ಅತ್ತರೆ ಅವ್ವ ನಗುತ್ತಿದ್ದಳು. "ಮಾತಿಗೆ ಡೀಸೆಲ್ ಬೇಕಾಗಂಗಿಲ್ಲ ತುಳಜಾ, ಅದಕ್ಕ ಅಷ್ಟ ದೂರ ಓಡತದ."

ಒಂದು ಮಳೆಗಾಲದಲ್ಲಿ ಅಜೀಮುದ್ದೀನ್‌ನ ಹೆಂಡತಿ ತಾಹೇರಾಗೆ ಹೆರಿಗೆ ನೋವು ಬಂತು. ಲಾರಿಯಲ್ಲೇ ದವಾಖಾನೆಗೆ ಹೊರಟರೆ ಹಳ್ಳ ತುಂಬಿ ಸೇತುವೆ ಮುಳುಗಿತ್ತು. ಪಕ್ಕದಲ್ಲಿ ಹೆಂಡತಿ ನರಳುತ್ತಿದ್ದರೆ ಅವನ ಕೈಕಾಲೇ ಆಡಲಿಲ್ಲವಂತೆ. ಅವ್ವ ಸೀರೆ ಮೇಲಕ್ಕೆ ಕಟ್ಟಿ ನೀರಿಗಿಳಿದಳು. ನಡುಮಧ್ಯ ನಿಂತು ಕೂಗಿದಳು.

"ಬಾರೋ ಅಜೀಮ, ತೊಡಿ ಮಟ್ಟ ಅದ. ನಾನ ಮುಳುಗಿಲ್ಲ, ನಿನ್ನ ಲಾರಿ ಮುಳುಗತದೇನು?"

ಮುಂದೆ ಅವ್ವ ನಡೆದಳು, ಹಿಂದೆ ಲಾರಿ ಬಂತು.

ಇದು ನಿನಗೆ ಗೊತ್ತು, ತಾಹೇರಾ ಬಂದಾಗಲೆಲ್ಲ ಹೇಳುತ್ತಾಳೆ. ನಿನಗೆ ಗೊತ್ತಿಲ್ಲದ್ದು ನನ್ನ ಕುಬಸದ ದಿನ ನಡೆದದ್ದು. ಆಗ ನನಗೆ ಏಳು ತಿಂಗಳು. ಇದೇ ಮನೆಯ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತಿದ್ದೆ. ಅವ್ವ ಹಸಿರು ಇಳಕಲ್ ಸೀರೆ, ಕೊಬ್ಬರಿ ಬಟ್ಟಲು, ಅಕ್ಕಿ ತಂದಿದ್ದಳು. ಉಡಿ ತುಂಬಲು ಮುಂದೆ ಬಂದರೆ ನನ್ನ ಅತ್ತೆ ಅಡ್ಡ ನಿಂತರು. "ಸುಮನಬಾಯಿ, ನೀವು ಅಲ್ಲೇ ನಿಂದರ್ರಿ. ಮುತ್ತೈದೇರು ತುಂಬತಾರ."

ನಿನ್ನ ಆಯಿ ದನಿ ಏರಿಸಲಿಲ್ಲ. "ಹಡಿಯೂ ಮುಂದ ನಾ ಬೇಕಾಗಿದ್ದೆ, ತುಂಬೂ ಮುಂದ ಬ್ಯಾಡೇನ್ರಿ? ನನ್ನ ಕೈ ಕೆಟ್ಟದ್ದಿದ್ರ ಈ ಕೈಲೆ ಬೆಳದ ಹುಡುಗಿನ್ನ ಮನಿಗ್ಯಾಕ ತಂದ್ರಿ?" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ತುಳಜಾ, ಸೆರಗು ಒಡ್ಡು."

ಒಡ್ಡಿದೆ. ತುಂಬಿದಳು.

ನನ್ನ ಅತ್ತೆ ಬಹಳ ದಿನ ನನ್ನ ಕೈಯ ನೀರು ಮುಟ್ಟಲಿಲ್ಲ. ಅಪಶಕುನ ಆಯಿತು, ಹೊಟ್ಟೆಯಲ್ಲಿನ ಕೂಸಿಗೆ ಏನಾಗುವುದೋ ಎಂದು ಓಣಿಯೆಲ್ಲ ಗುಸುಗುಸು. ಆ ಕೂಸು ನೀನು. ಏನಾಗಿದೆ ನಿನಗೆ? ನೆಟ್ಟಗೆ ಹುಟ್ಟಿದೆ, ನೆಟ್ಟಗೆ ಬೆಳೆದೆ. ತುಂಬಿದ ಹಳ್ಳಕ್ಕೆ ಇಳಿಯುವುದಕ್ಕಿಂತ ಆ ಪಡಸಾಲೆ ದಾಟುವುದು ಕಷ್ಟವಿತ್ತು, ಶೀತಲ್. ಮೈಕಿನಲ್ಲಿ ಹೇಳಬೇಕಾದ ಮಾತು ಇದಾಗಿತ್ತು.

ಆ ಹಸಿರು ಸೀರೆಯನ್ನು ನಿನ್ನ ಉಡಿಗೆಂದೇ ಇಟ್ಟಿದ್ದೆ. ಮೊನ್ನೆ ನಿನ್ನ ಕುಬಸಕ್ಕೆ ತಂದಿದ್ದೆ. ತಾಟು ಹಿಡಿದು ನಿನ್ನ ಮುಂದೆ ಬರುವಷ್ಟರಲ್ಲಿ ನಿನ್ನ ನಾದಿನಿ ಬಂದು, ನಗುನಗುತ್ತಲೇ, ನೀವು ಪಂಕ್ತಿಯ ಕಡೆ ನೋಡಿಕೊಳ್ಳಿ, ಇಲ್ಲಿ ನಾವಿದ್ದೇವೆ ಎಂದು ತಾಟು ತೆಗೆದುಕೊಂಡಳು. ಸೀರೆ ಕಂಕುಳಲ್ಲಿತ್ತು, ಅದು ನನ್ನಲ್ಲೇ ಉಳಿಯಿತು. ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಫೋಟೋ, ಅದರ ಕೆಳಗೆ ಈ ಕೆಲಸ. ನಿನ್ನ ಅತ್ತೆಯೇ ಕಳಿಸಿದ್ದು ಎಂದು ನನಗೆ ತಿಳಿಯದೆ ಇಲ್ಲ. ನೀನು ತಲೆ ತಗ್ಗಿಸಿ ಬಳೆ ಸರಿಮಾಡಿಕೊಳ್ಳುತ್ತಿದ್ದೆ. ನೋಡಿರಲಿಕ್ಕಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆ ಮನೆಯಲ್ಲಿ ಒಂದು ತುತ್ತು ಉಣ್ಣದೆ ಬಸ್ಸು ಹತ್ತಿದೆ.

ಇಲ್ಲಿಯ ಸುದ್ದಿ ಎಂದರೆ, ತಾಹೇರಾ ಬಂದಿದ್ದಳು. ಅವಳ ಮೊಮ್ಮಗಳು ಸಮ್ರೀನಳಿಗೂ ಏಳು ತಿಂಗಳು. ಗುರುವಾರ ಉಡಿ ತುಂಬುತ್ತಾರೆ, ಅವರು ಗೋದಭರಾಯಿ ಅನ್ನುತ್ತಾರೆ. ಮೊದಲ ಕೈ ನಿಮ್ಮದೇ ಆಗಬೇಕು ಎಂದಳು. ನಾನು ಗಂಡನಿಲ್ಲದವಳು ಎಂದು ನೆನಪಿಸಿದೆ. "ನಿಮ್ಮವ್ವ ಹಳ್ಳಕ್ಕ ಇಳದಾಗ ನಾ ಅದನ್ನ ಕೇಳಲಿಲ್ಲಕ್ಕಾ" ಎಂದಳು. ನೋಡೋಣ ಎಂದೆ.

ಮುಂದಿನ ತಿಂಗಳು ನಿನ್ನನ್ನು ಕರೆದುಕೊಂಡು ಬರಲು ಗಾಡಿ ಕಳಿಸುತ್ತೇನೆ. ಬಾಣಂತಿ ಉಂಡೆಗೆ ಅಳವಿ, ಕೊಬ್ಬರಿ, ಅಂಟು ತರಿಸಿಟ್ಟಿದ್ದೇನೆ. ಸೀರೆ ಪೆಟ್ಟಿಗೆಯಲ್ಲಿದೆ. ಈ ಪಡಸಾಲೆಯಲ್ಲಿ ನಿನ್ನನ್ನು ಕೂರಿಸಿ ನಾನೇ ಉಡಿ ತುಂಬುತ್ತೇನೆ, ಇಲ್ಲಿ ನನಗೆ ಅಡ್ಡ ಬರುವವರಿಲ್ಲ. ಹೊಟ್ಟೆಯ ಕೂಸು ತಂಪಾಗಿರಲಿ. ಆಯಿಯ ಎದೆಗಾರಿಕೆ ಅದಕ್ಕೆ ಬರಲಿ.

ನಿನ್ನ ಅವ್ವ,
ತುಳಜಾಬಾಯಿ

ತಾ.ಕ. ೨೧ ಫೆಬ್ರುವರಿ. ಕಾಗದ ಇನ್ನೂ ಅಂಟಿಸಿರಲಿಲ್ಲ. ಬುಧವಾರ ಅಳಿಯ ಬಸವಕಿರಣ, ಕುಬಸಕ್ಕೆ ನಾನು ಒಯ್ದಿದ್ದ ಡಬ್ಬಿಗಳನ್ನು ಮರಳಿಸಲು ಬಂದಿದ್ದರು. ನಾನು ಅವರ ತಾಯಿಯ ಹೆಸರೆತ್ತಿ ಎರಡು ಮಾತು ಆಡಿದೆ. ಅವರು ಚಹಾದ ಬಸಿ ಕೆಳಗಿಟ್ಟರು. "ಅತ್ತೀ, ನಮ್ಮವ್ವಗ ಏನೂ ಅನಬ್ಯಾಡ್ರಿ. ಅಕಿ ನಿಮ್ಮನ್ನ ಮೊದಲ ಕರೀರಿ ಅಂದಿದ್ಲು. ಬ್ಯಾಡ ಅಂದಾಕಿ ನಿಮ್ಮ ಮಗಳು ಶೀತಲ್. ವಿಡಿಯೋ ತಗೀಲಾಕತ್ತಾರ, ನೋಡಿದವರು ಏನರ ಅಂತಾರ ಅಂತ ಅಕಿನ ಅಂದ್ಲುರಿ."

ಆಯಿಯ ಲಾರಿಯ ಕಥೆಯನ್ನೂ ಅದೇ ವಿಡಿಯೋದಲ್ಲಿ ಹೇಳಿದ್ದೀ.

ಹೆರಿಗೆಗೆ ಬಾ. ಬಾಣಂತನದಲ್ಲಿ ಕೊರತೆ ಮಾಡುವವಳಲ್ಲ ನಾನು. ಪೆಟ್ಟಿಗೆಯಲ್ಲಿ ಹಸಿರು ಸೀರೆ ಹುಡುಕಬೇಡ. ನಿನ್ನೆ ಸಮ್ರೀನ ಸೆರಗು ಒಡ್ಡಿದಳು. ತುಂಬಿ ಬಂದೆ.